ಎಡಗೈಯ ಹದ

ಉಡಚಪ್ಪ ತೀರಿಕೊಂಡ ಸುದ್ದಿ ಬಂದಾಗ ಶಾಂತಯ್ಯನವರು ಕಡೆಯ ಟಾಕಿಯ ಕಟ್ಟೆಯ ಮೇಲೆ ಬಗ್ಗಿ ನಿಂತು ಗುಳ್ಳೆ ನೋಡುತ್ತಿದ್ದರು. ಮೇ ತಿಂಗಳ ಮೊದಲ ವಾರ. ಬೆಳಗಿನ ಎಂಟು ಗಂಟೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಟಾಕಿಗೆ ಹೊದಿಸಿದ ಹಲಗೆಗಳಲ್ಲಿ ಒಂದನ್ನು ಸರಿಸಿದರೆ ಒಳಗಿನ ಕಪ್ಪು ನೀರು ಕಾಣುತ್ತಿತ್ತು. ಅದರ ತಳದಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಬಂದು, ಮೇಲೆ ಸದ್ದಿಲ್ಲದೆ ಒಡೆಯುತ್ತಿದ್ದವು. ಗುಳ್ಳೆ ಎದ್ದರೆ ಟಾಕಿ ಕೆಲಸ ಮಾಡುತ್ತಿದೆ ಎಂದರ್ಥ. ಇದನ್ನು ಅವರಿಗೆ ಕಲಿಸಿದವನೇ ಉಡಚಪ್ಪ. ದಿನಾ ಏಳಕ್ಕೆ ಬರುವ ಮನುಷ್ಯ ಇಂದು ಎಂಟಾದರೂ ಬಂದಿಲ್ಲವಲ್ಲ ಎಂದು ಅವರು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಫಕೀರವ್ವ ಬಂದಳು. ಟಾಕಿಗಳ ನಡುವಿನ ಕಾಲುವೆ ಬಳಿಯುವ ಹೆಂಗಸು. ಬಾಯಿಗೆ ಬಿಡುವು ಕೊಟ್ಟವಳೇ ಅಲ್ಲ. ಅವತ್ತು ಅದೇ ಬಾಯಿಗೆ ಸೆರಗು ಒತ್ತಿಕೊಂಡು ಬಂದು ನಿಂತಳು.

“ಸ್ವಾಮಾರ, ಉಡಚಣ್ಣ ತೀರಿಕೊಂಡ್ನರಿ.”

ಶಾಂತಯ್ಯನವರು ಬಗ್ಗಿದವರು ಹಾಗೇ ಇದ್ದರು.

“ನಸಕಿನ್ಯಾಗ ಎದ್ದು ಮಾರಿ ತೊಳಕೊಂಡಾನ,” ಎಂದಳು ಫಕೀರವ್ವ. “ಎದಿ ಹಿಡದಂಗ ಆಗೇತಿ ಅಂದು ಬಾಗಲದಾಗಿನ ಕಟ್ಟಿ ಮ್ಯಾಲ ಕುಂತಾನ. ಹೇಣ್ತಿ ಶೇವಂತೆವ್ವ ಚಾ ತರೂದ್ರಾಗ ಗ್ವಾಡಿಗೆ ವಾಲಿದ್ನಂತ. ಅಷ್ಟರಿ.”

ಶಾಂತಯ್ಯನವರ ಬಾಯಿಂದ ಮೊದಲು ಹೊರಟ ಮಾತು, “ನೀರ ಬಿಡೂ ಕೀಲಿ ಯಾರ ಕಡೆ ಐತಿ?”

ಫಕೀರವ್ವ ಅವರ ಮುಖವನ್ನೇ ನೋಡಿದಳು. “ಅವನ ಉಡದಾರದಾಗ ಐತ್ರಿ,” ಎಂದಳು.

ಆ ಮಾತು ಆಡಿದ್ದಕ್ಕೆ ಅವರಿಗೆ ಆ ದಿನವೆಲ್ಲ ನಾಚಿಕೆಯಾಯಿತು. ಸರಿಸಿದ್ದ ಹಲಗೆಯನ್ನು ತೊಟ್ಟಿಲ ಕೂಸಿಗೆ ದುಪ್ಪಡಿ ಹೊದಿಸುವವರಂತೆ ಮೆಲ್ಲಗೆ ಎಳೆದು ಮುಚ್ಚಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತರು.

ಬೈರಿದೇವರಕೊಪ್ಪದಿಂದ ಆಚೆ, ಎರೆ ಹೊಲಗಳ ನಡುವೆ, ಊರಿನ ಒಂದು ಭಾಗದ ಗಟಾರದ ನೀರು ಹರಿದು ಬಂದು ಸೇರುವ ತೋಟ ಅದು. ಬಂದ ನೀರು ಮೊದಲು ಒಂದು ಟಾಕಿಯಲ್ಲಿ ನಿಂತು ರಾಡಿಯನ್ನು ಕೆಳಗೆ ಬಿಡುತ್ತದೆ. ಮೇಲಿನ ನೀರು ಕಲ್ಲುಜಲ್ಲಿಯ ಹಾಸಿನ ಮೇಲೆ ತೊಟ್ಟಿಕ್ಕಿ ತಿಳಿಯಾಗಿ ಕಾಲುವೆಗೆ ಇಳಿದು ಹೊಲಕ್ಕೆ ಹೋಗುತ್ತದೆ. ಕೆಳಗೆ ನಿಂತ ರಾಡಿಯನ್ನು ಮುಚ್ಚಿದ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದು ನಾತ ಕಳೆದುಕೊಂಡು ಕಪ್ಪಗೆ ಮೆತ್ತಗಾಗುತ್ತದೆ. ಅಲ್ಲಿಯವರು ಅದಕ್ಕೆ ಹಣ್ಣ ರಾಡಿ ಎನ್ನುತ್ತಿದ್ದರು. ಆಗದೆ ಉಳಿದದ್ದು ಕಾಯಿ ರಾಡಿ.

ಶಾಂತಯ್ಯನವರು ಆ ತೋಟದ ಮೇಲ್ವಿಚಾರಕರು. ಉಡಚಪ್ಪ ಗುಂಡಿಗಿಳಿಯುವವನು. ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು, ನಾಲ್ಕು ಮಾರು ಅಂತರದ ಎರಡು ಕಲ್ಲುಗಳ ಮೇಲೆ. ಅಯ್ಯನವರ ಕಲ್ಲು ಗಿಡದ ಬುಡದಲ್ಲಿ, ಉಡಚಪ್ಪನದು ನೆರಳಿನ ಅಂಚಿನಲ್ಲಿ. ಹೊತ್ತು ಏರಿದಂತೆ ನೆರಳು ಸರಿದು ಅವನ ಕಲ್ಲಿಗೆ ಬಿಸಿಲು ಬೀಳುತ್ತಿತ್ತು. ಅವನು ತಲೆಗೆ ವಸ್ತ್ರ ಸುತ್ತಿಕೊಂಡು ಊಟ ಮುಂದುವರಿಸುತ್ತಿದ್ದ. ಇಬ್ಬರೂ ಜಗತ್ತಿನ ಮಾತೆಲ್ಲ ಆಡಿದವರು. ಆದರೆ ಆ ಕಲ್ಲುಗಳನ್ನು ಯಾರೂ ಸರಿಸಲಿಲ್ಲ.

ಗುಂಡಿ ಹಣ್ಣಾಯಿತೋ ಇಲ್ಲವೋ ಎಂದು ಹೇಳುವುದು ಉಡಚಪ್ಪನ ಕೆಲಸವಾಗಿತ್ತು. ಒಂದಿಷ್ಟು ರಾಡಿಯನ್ನು ಎಡ ಅಂಗೈಯಲ್ಲಿ ತೆಗೆದುಕೊಂಡು ಹೆಬ್ಬೆರಳಿನಿಂದ ತೀಡಿ, ಮೂಗಿಗೆ ಹಿಡಿದು, ನಿಧಾನವಾಗಿ ಹೇಳುತ್ತಿದ್ದ. “ಆಗೇತ್ರಿ ಸ್ವಾಮಾರ.” ಇಲ್ಲವೇ, “ಇನ್ನ ಎಂಟ ದಿನ ಬಿಡ್ರಿ.” ಅಯ್ಯನವರು ದೂರದಿಂದ ಆ ಅಂಗೈ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಅವನು ನಗುತ್ತ ಕೈ ಚಾಚಿದ್ದ.

“ನೀವೂ ಒಮ್ಮಿ ಹಿಡದ ನೋಡ್ರಿ. ಓದಿದ ಕೈ ನಿಮ್ಮದು, ಲಗೂ ತಿಳೀತೈತಿ.”

“ಲಿಂಗ ಹಿಡಿಯೂ ಕೈಪ್ಪಾ ಇದು,” ಎಂದಿದ್ದರು ಶಾಂತಯ್ಯನವರು. ಬಾಲ್ಯದಿಂದಲೂ ದಿನಕ್ಕೆರಡು ಸಲ ಅವರು ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸಿದವರು.

“ಹಂಗಾರ ಬ್ಯಾಡ ಬಿಡ್ರಿ,” ಎಂದು ಉಡಚಪ್ಪ ಕೈ ಹಿಂದೆಗೆದ. ಆಮೇಲೆ ಮತ್ತೆ ಕೇಳಲಿಲ್ಲ.

ಮೂರು ವರ್ಷದ ಹಿಂದೆ, ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ, ಉಡಚಪ್ಪನ ಮಗಳು ಸತ್ಯವ್ವ ಚೊಚ್ಚಲ ಹೆರಿಗೆಗೆಂದು ಕುಂದಗೋಳದಿಂದ ತವರಿಗೆ ಬಂದಿದ್ದಳು. ಗಂಡು ಕೂಸು. ಸತ್ಯವ್ವನಿಗೆ ಜ್ವರ ಬಂದು ಎದೆಹಾಲು ಬತ್ತಿತು. ಆಡಿನ ಹಾಲಿಗೆ ನೀರು ಬೆರೆಸಿ ಕುಡಿಸಿದರು. ತೋಟದ ಕಾಲುವೆಯ ಪಕ್ಕದ ಅವರ ಓಣಿಯ ಬಾವಿಯ ನೀರು. ಉಡಚಪ್ಪ ದಿನವಿಡೀ ರಾಡಿಯಲ್ಲಿ ಕೆಲಸ ಮಾಡುವವನಲ್ಲವೇ, ಹೊಲಸು ಎಂದರೆ ಏನೆಂದು ಬಲ್ಲವನು. ಮೊಮ್ಮಗನ ನೀರನ್ನು ತಾನೇ ಒಲೆಯ ಮುಂದೆ ಕುಳಿತು ಕುದಿಸುತ್ತಿದ್ದ. ಒಂದು ಕುದಿ ಸಾಲದು ಎಂದು ಮೂರು ಕುದಿ. ಚರಿಗೆ ನೀರು ಅರ್ಧ ಚರಿಗೆ ಆಗುವ ತನಕ. ಆದರೂ ಕೂಸಿನ ತುಟಿ ನೀಲಿಯಾಯಿತು, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ನಲವತ್ತನೆಯ ದಿನ ಅದು ಕಣ್ಣು ಮುಚ್ಚಿತು. ಯಾರೋ ಹೃದಯದ ಬ್ಯಾನಿ ಎಂದರು, ಯಾರೋ ದೃಷ್ಟಿ ಎಂದರು.

ನಿಜ ತಿಳಿದದ್ದು ಖಾದರಬಾಷಾ ಬಂದ ಮೇಲೆ. ವಿದ್ಯಾನಗರದ ಒಂದು ಪ್ರಯೋಗಶಾಲೆಯಲ್ಲಿ ನೀರು ಪರೀಕ್ಷಿಸುವ ಕೆಲಸ ಅವರದು. ಸೈಕಲ್ಲಿನ ಹಿಂದೆ ಸೀಸೆಗಳ ಪೆಟ್ಟಿಗೆ ಕಟ್ಟಿಕೊಂಡು ತಿಂಗಳಿಗೊಮ್ಮೆ ತೋಟಕ್ಕೆ ಬರುತ್ತಿದ್ದರು. ಒಂದು ದಿನ ಅವರು ಓಣಿಯ ಬಾವಿಯ ನೀರಿಗೆ ತಮ್ಮ ಔಷಧ ಹಾಕಿದಾಗ ಅದು ಅರಿಷಿಣದ ಹಾಗೆ ಹಳದಿಯಾಯಿತು.

“ಪೆಟ್ಲುಪ್ಪಿನ ಅಂಶರಿ,” ಎಂದರು ಖಾದರಬಾಷಾ. “ನಿಮ್ಮ ಜಲ್ಲಿ ಹಾಸಿನ ಮ್ಯಾಲಿಂದ ಇಳಿಯೂ ನೀರು ಕಣ್ಣಿಗೆ ತಿಳಿಯಾಗಿ ಕಾಣತೈತಿ. ಆದ್ರ ಹೊಲಸಿನ್ಯಾಗಿನ ಸಾರಜನಕ ಎಲ್ಲೂ ಹೋಗಿರೂದಿಲ್ಲ, ಉಪ್ಪಾಗಿ ನೀರಾಗ ಕರಗಿ ಕುಂತಿರತೈತಿ. ಕಾಲುವಿಯಿಂದ ಇಂಗಿ ಬಾವಿಗೆ ಬರತೈತಿ. ದೊಡ್ಡವರಿಗೆ ಏನೂ ಆಗೂದಿಲ್ಲ. ಎಳೇ ಕೂಸಿಗೆ ಇದು ವಿಷ.”

“ಕುದಿಸಿದ್ರ?” ಎಂದು ಕೇಳಿದ ಉಡಚಪ್ಪ.

ಖಾದರಬಾಷಾರಿಗೆ ಆ ಮನೆಯ ಕಥೆ ಗೊತ್ತಿರಲಿಲ್ಲ. “ಕುದಿಸಿದ್ರ ನೀರು ಆರತೈತಿ, ಉಪ್ಪು ಉಳೀತೈತಿ. ಇನ್ನೂ ಗಟ್ಟಿ ಆಗತೈತ್ರಿ,” ಎಂದುಬಿಟ್ಟರು.

ಉಡಚಪ್ಪ ಅವತ್ತು ಬುತ್ತಿ ಬಿಚ್ಚಲಿಲ್ಲ.

ನೀರಿನ ಆ ಉಪ್ಪು ತೆಗೆಯುವ ದಾರಿ ಸಿಕ್ಕಿದ್ದು ಮಾತ್ರ ಹುಡುಕಿ ಅಲ್ಲ. ಮರುವರ್ಷ ರಾಡಿ ಒಣಗಿಸುವ ಹಾಸುಗಳು ತುಂಬಿ, ಜಾಗವಿಲ್ಲದೆ, ಉಡಚಪ್ಪ ಹಣ್ಣ ರಾಡಿಯನ್ನು ಕಾಲುವೆಯ ಕೊನೆಯಲ್ಲಿ ಹಾಳುಬಿದ್ದಿದ್ದ ಟಾಕಿಗೆ ಸುರಿದು ಹಲಗೆ ಮುಚ್ಚಿದ್ದ. ಜಲ್ಲಿಯಿಂದ ಇಳಿದ ನೀರು ಅದರೊಳಗೆ ಹಾಯ್ದೇ ಹೋಗಬೇಕಾಯಿತು. ಆ ತಿಂಗಳು ಖಾದರಬಾಷಾ ಅಲ್ಲಿಂದ ಹಿಡಿದ ನೀರಿಗೆ ಔಷಧ ಹಾಕಿದರೆ ಬಣ್ಣವೇ ಬರಲಿಲ್ಲ. ತಾವೇ ಔಷಧ ಮರೆತೆವೇನೋ ಎಂದು ಮತ್ತೊಮ್ಮೆ ಹಾಕಿದರು. ಆಗಲೂ ಇಲ್ಲ. ಹಲಗೆ ಸರಿಸಿ ನೋಡಿದಾಗ ಗುಳ್ಳೆ ಕಂಡವು.

“ಸ್ವಾಮಿಗಳ, ರಾಡಿಯೊಳಗ ಕಣ್ಣಿಗೆ ಕಾಣದ ಜೀವ ಅದಾವು,” ಎಂದು ಅವರು ಬಿಡಿಸಿ ಹೇಳಿದರು. “ಅವಕ್ಕೂ ಉಸರು ಬೇಕು. ಮುಚ್ಚಿದ ಟಾಕ್ಯಾಗ ಗಾಳಿ ಇಲ್ಲ. ಅದಕ್ಕ ಆ ಉಪ್ಪಿನ್ಯಾಗಿನ ಗಾಳಿ ಕಿತ್ತಕೊಂಡು ಉಸರಾಡತಾವು. ಉಪ್ಪು ಮುರದು ಸಾರಜನಕ ಗುಳ್ಳಿಯಾಗಿ ಮ್ಯಾಲ ಹಾರತೈತಿ. ನಾವು ಉಸರಾಡೂ ಗಾಳ್ಯಾಗ ಇರೂದು ಬಹಳಷ್ಟು ಅದ. ಇನ್ನ ಈ ಹಣ್ಣ ರಾಡಿ, ಅದು ಅವಕ್ಕ ರೊಟ್ಟಿ.”

“ಅಂದ್ರ ನಾ ಹೊರಗ ಚೆಲ್ಲೂ ರಾಡಿನ ನೀರ ತೊಳೀತೈತಿ ಅನ್ರಿ,” ಎಂದ ಉಡಚಪ್ಪ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತ್ತು.

ಅಂದಿನಿಂದ ಆ ಟಾಕಿ ಅವನ ಎರಡನೆಯ ಮನೆ. ಎರಡು ತಿಂಗಳಿಗೊಮ್ಮೆ ಹಳೆಯದನ್ನು ತೆಗೆದು ಹೊಸ ಹಣ್ಣ ರಾಡಿ ತುಂಬುತ್ತಿದ್ದ. ಕಾಯಿ ಹಾಕಿದರೆ ನೀರು ಮತ್ತೆ ಹೊಲಸು. ತೀರ ಒಣಗಿದ್ದು ಹಾಕಿದರೆ ಅದರಲ್ಲಿ ಕಸುವಿಲ್ಲ. ನಡುವಿನ ಹದ ಬೇಕು. ಎರಡು ವರ್ಷದಲ್ಲಿ ಓಣಿಯ ಬಾವಿಯ ಹಳದಿ ಅರಿಷಿಣದಿಂದ ಕಡಲೆಹಿಟ್ಟಿಗೆ, ಕಡಲೆಹಿಟ್ಟಿನಿಂದ ನಿಂಬೆ ಸಿಪ್ಪೆಗೆ ಇಳಿದಿತ್ತು. ಸತ್ಯವ್ವ ಮತ್ತೆ ಬಸುರಿಯಾಗಿದ್ದಳು. ಆ ಬಾವಿಯ ನೀರು ಇರುವ ತನಕ ತವರಿಗೆ ಬಾಣಂತನಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ನಳದ ನೀರು ಒಂದೂವರೆ ಮೈಲು ದೂರ, ಅದೂ ದಿನ ಬಿಟ್ಟು ದಿನ. “ನೀರು ಛಲೋ ಆದ ದಿನ ನಾನ ಬಂದು ಕರಕೊಂಡ ಬರತೇನಿ,” ಎಂದು ಉಡಚಪ್ಪ ಮಾತು ಕೊಟ್ಟಿದ್ದ.

ಮಣ್ಣಿಗೆ ಶಾಂತಯ್ಯನವರು ಹೋದರು. ಸರದಿ ಬಂದಾಗ ಒಂದು ಹಿಡಿ ಎರೆ ಮಣ್ಣು ಹಾಕಿದರು. ಬೆಳಗ್ಗೆ ಯಾರೋ ನೀರು ಚಿಮುಕಿಸಿದ್ದರಿಂದ ಮಣ್ಣು ಹಸಿಯಾಗಿತ್ತು. ಉಡಚಪ್ಪ ಏಳು ವರ್ಷದ ಹಿಂದೆ ಬುದ್ಧನ ದಾರಿ ಹಿಡಿದವನಾದ್ದರಿಂದ ಅವರ ಕಡೆಯ ಹಿರಿಯರೊಬ್ಬರು ಬೇರೆ ಭಾಷೆಯ ಮಾತುಗಳನ್ನು ಹೇಳಿದರು. ಶಾಂತಯ್ಯನವರಿಗೆ ಅದು ಅರ್ಥವಾಗಲಿಲ್ಲ. ತಾವು ಏನು ಹೇಳಬೇಕೆಂದೂ ತಿಳಿಯಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದರು. ಪೂಜೆಗೆ ಕುಳಿತರೆ ಅವನ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ.

ಮಣ್ಣಿಗೆಂದು ಬಂದು ಮರುದಿನವೇ ಕುಂದಗೋಳಕ್ಕೆ ಹೊರಟ ಸತ್ಯವ್ವ ತೋಟದ ಗೇಟಿನ ಬಳಿ ನಿಂತು ಕೀಲಿ ಕೊಟ್ಟಳು. ಹೊಟ್ಟೆ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನಿಗೆ ಬುತ್ತಿ ತರುತ್ತಿದ್ದ ಹುಡುಗಿ.

“ಸ್ವಾಮಾರ, ನೀರು ಛಲೋ ಆದ ಮ್ಯಾಲ ಕರ್ಯಾಕ ಬರತೇನಿ ಅಂದಿದ್ದ ಅಪ್ಪ,” ಎಂದಳು. “ಇನ್ನ ಯಾರ ಬರತಾರ?”

“ನಾ ಬರತೇನವಾ,” ಎಂದರು ಶಾಂತಯ್ಯನವರು. ಮಾತು ಹೊರಟ ಮೇಲೆ ಅದರ ತೂಕ ತಿಳಿಯಿತು. “ಶ್ರಾವಣದೊಳಗ ಬರತೇನಿ.”

ತಪ್ಪು ನಡೆದದ್ದು ಅದರ ಮರುದಿನ. ಸಾವಾದ ಮನೆಗೆ ಸುಣ್ಣ ಹಚ್ಚುವುದು ಆ ಕಡೆಯ ರೂಢಿ. ಓಣಿಯಲ್ಲಿ ಶೇವಂತೆವ್ವನ ಮನೆಗೆ ಸುಣ್ಣ ಆಗುತ್ತಿದೆ ಎಂದು ಫಕೀರವ್ವ ಹೇಳಿದಾಗ ಶಾಂತಯ್ಯನವರಿಗೆ ಅನಿಸಿತು, ಟಾಕಿಯೂ ಅವನ ಮನೆಯೇ ತಾನೆ. ತಮ್ಮ ಕೈಯಿಂದ ಏನಾದರೂ ಆಗಲಿ. ಎರಡು ಬುಟ್ಟಿ ಸುಣ್ಣದ ಹರಳು ತರಿಸಿ, ಬೇಯಿಸಿ, ತಾವೇ ಕುಂಚ ಹಿಡಿದು ಟಾಕಿಯ ಕಟ್ಟೆ, ಒಳಗೋಡೆ, ಹಲಗೆ ಎಲ್ಲಕ್ಕೂ ಎರಡೆರಡು ಸಲ ಹಚ್ಚಿದರು. ಅಷ್ಟು ಶ್ರದ್ಧೆಯಿಂದ ತಮ್ಮ ಮನೆಗೂ ಹಚ್ಚಿದವರಲ್ಲ. ಬಿಸಿಲಿಗೆ ಟಾಕಿ ಹಾಲಿನ ಹಾಗೆ ಹೊಳೆಯಿತು. ಮಧ್ಯಾಹ್ನ ಮೂರಕ್ಕೆ ಆ ವರ್ಷದ ಮೊದಲ ಅಡ್ಡಮಳೆ ಬಂತು. ಒಂದು ತಾಸು ಹೊಡೆಯಿತು. ಮಳೆ ನಿಂತಾಗ ಗೋಡೆಯ ಮೇಲಿದ್ದ ಬಿಳಿಯೆಲ್ಲ ಟಾಕಿಯ ಒಳಗಿತ್ತು. ಕಟ್ಟೆಯ ಮೇಲಿಟ್ಟ ಎರಡು ಸುಣ್ಣದ ಡಬ್ಬಿಗಳೂ ಉರುಳಿ ಒಳಗೆ ಬಿದ್ದಿದ್ದವು.

ಮರುದಿನ ಗುಳ್ಳೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ.

ಖಾದರಬಾಷಾ ಬಂದು ಕಾಲುವೆಯ ನೀರಿಗೆ ಔಷಧ ಹಾಕಿದರು. ಗಾಜಿನ ಬಟ್ಟಲು ಅರಿಷಿಣವಾಯಿತು. ಅವರು ಟಾಕಿಯ ಕಡೆ ನೋಡಿ ತಡೆದು ತಡೆದು ಹೇಳಿದರು. “ಸುಣ್ಣದ ಖಾರಕ್ಕ ಅವು ತಾಳೂದಿಲ್ರಿ. ಸತ್ತಾವು.”

“ನಾ ಅವನ ಮನಿ ಚಂದ ಮಾಡಾಕ ಹೋದೆ,” ಎಂದರು ಶಾಂತಯ್ಯನವರು.

“ಟಾಕಿ ಖಾಲಿ ಮಾಡಿ ಹೊಸ ಹಣ್ಣ ರಾಡಿ ಹಾಕ್ರಿ. ಆಗತೈತಿ. ಆದ್ರ ಲಗೂ ಹಾಕ್ರಿ. ಇದ ಹಿಂಗ ನಡದ್ರ ಬಾವಿ ಮತ್ತ ಮೊದಲಿನಂಗ ಆಗತೈತಿ.”

ಹಣ್ಣು ಯಾವುದು, ಕಾಯಿ ಯಾವುದು? ಶಾಂತಯ್ಯನವರು ಹತ್ತೊಂಬತ್ತು ವರ್ಷದ ತಮ್ಮ ಪುಸ್ತಕಗಳನ್ನೆಲ್ಲ ತೆರೆದರು. ಪುಟ ಪುಟಕ್ಕೂ ‘ಹಣ್ಣಾಗಿದೆ’ ಎಂದಿತ್ತು. ಹೇಗೆ ಎಂದು ಒಂದು ಕಡೆಯೂ ಇರಲಿಲ್ಲ. ಫಕೀರವ್ವನ ಕಡೆ ನೋಡಿದರು.

“ನನ್ನ ಕಡೆ ನೋಡಬ್ಯಾಡ್ರಿ ಸ್ವಾಮಾರ. ನನಗ ಕಸಬರಿಗಿ ಹದ ಅಷ್ಟ ಗೊತ್ತು.”

ಕೊನೆಗೆ ಮೂರನೆಯ ಗುಂಡಿ ಕಪ್ಪಗೆ ಕಂಡಿತೆಂದು ಅದನ್ನೇ ತುಂಬಿಸಿದರು. ನಾಲ್ಕನೆಯ ದಿನ ಟಾಕಿ ನಾತ ಹೊಡೆಯತೊಡಗಿತು. ಮೇಲೆ ಮಾತ್ರ ಕಪ್ಪಗಿತ್ತು, ಒಳಗೆಲ್ಲ ಕಾಯಿ. ಕಾಲುವೆಯ ನೀರು ಹಿಂದೆಂದಿಗಿಂತ ಕೆಟ್ಟಿತು. ಫಕೀರವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಬಳಿಯುತ್ತ, “ಉಡಚಣ್ಣ ಇದ್ದಾಗ ಇಲ್ಲೇ ಕುಂತು ರೊಟ್ಟಿ ತಿಂತಿದ್ನಿ. ಈಗ ಉಸರ ತಿನ್ನಾಕೂ ಆಗವಲ್ದು,” ಎಂದಳು. ಮೇ ತಿಂಗಳು ಮುಗಿಯುತ್ತ ಬಂದಿತ್ತು.

ಆ ಸಂಜೆ ಅವರು ಓಣಿಗೆ ಹೋದರು. ಅಲ್ಲಿಗೆ ಬಂದರೆ ಎಂದೂ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ಉಡಚಪ್ಪನನ್ನು ಕೂಗುತ್ತಿದ್ದವರು. ಇವತ್ತು ಇಳಿದರು. ಶೇವಂತೆವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಡಬಡಿಸಿ ಎದ್ದು ಒಂದು ಚಾಪೆ ತಂದಳು. ಚಾಪೆ ಹಾಸುವುದರೊಳಗೆ ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದರು. ಉಡಚಪ್ಪ ಗೋಡೆಗೆ ವಾಲಿದ ಕಟ್ಟೆ ಅದೇ ಎಂದು ಕುಳಿತ ಮೇಲೆ ನೆನಪಾಯಿತು.

“ಶೇವಂತೆವ್ವಾ, ನಾ ಟಾಕಿ ಕೆಡಿಸೇನಿ,” ಎಂದರು. ಸುಣ್ಣದ ಕಥೆ, ಕಾಯಿ ರಾಡಿಯ ಕಥೆ, ಸತ್ಯವ್ವನಿಗೆ ಕೊಟ್ಟ ಮಾತು, ಯಾವುದನ್ನೂ ಮುಚ್ಚಿಡದೆ ಹೇಳಿದರು.

ಶೇವಂತೆವ್ವ ಮೊರವನ್ನು ಪಕ್ಕಕ್ಕಿಟ್ಟಳು.

“ಅವ ಅಂತಃಕರಣದ್ಲೆ ನೀರ ಕುದಿಸಿ ಕುದಿಸಿ ಕೂಸಿಗೆ ಕೊಟ್ಟ,” ಎಂದಳು. “ನೀವು ಅಂತಃಕರಣದ್ಲೆ ಸುಣ್ಣ ಹಚ್ಚೀರಿ. ನಾ ಅವಗ ಏನ ಅಂದಿದ್ನೋ ನಿಮಗೂ ಅದನ್ನ ಅಂತೇನಿ. ತಿಳೀದ ಮಾಡಿದ್ದಕ್ಕ ಎದಿ ಬಡಕೋಬಾರದು. ತಿಳಕೊಂಡ ಮ್ಯಾಲ ಸುಮ್ಮನ ಕುಂದ್ರಬಾರದು.”

“ಹದ ಹೆಂಗ ನೋಡತಿದ್ದ ಅವ? ಮನ್ಯಾಗ ಏನರೆ ಹೇಳತಿದ್ದನು?”

ಅವಳ ಮುಖದಲ್ಲಿ ಸಣ್ಣ ನಗೆ ಸುಳಿಯಿತು. “ಹೇಳದ ಬಿಡತಿದ್ನೇನ್ರಿ? ಎಣ್ಣಿ ಹಾಕಿ ಕಲಿಸಿದ ಗುರೆಳ್ಳ ಹಿಂಡಿ ಇರತೈತೆಲ್ಲ, ಹಂಗಿರಬೇಕು ಅಂತಿದ್ದ. ಅವತ್ತಿಂದ ನಮ್ಮ ಸತ್ಯವ್ವ ಗುರೆಳ್ಳ ಹಿಂಡಿ ಮುಟ್ಟಿಲ್ಲ.” ಆಮೇಲೆ ತನ್ನ ಎಡಗೈ ಚಾಚಿ ಅಂಗೈಯ ನಡುವೆ ಬೆರಳಿಟ್ಟು ತೋರಿಸಿದಳು. “ಇಲ್ಲೆ ಹಿಡೀಬೇಕಂತ. ಬಲಗೈ ಸಲಿಕಿ ಹಿಡದು ದಡ್ಡಗಟ್ಟೇತಿ, ಅದಕ್ಕ ತಿಳಿಯೂದಿಲ್ಲ. ಎಡ ಅಂಗೈ ಮೆತ್ತಗ ಇರತೈತಿ. ಅಂಟಬಾರದು, ಜಾರಬಾರದು. ವಾಸನಿ ಮೊದಲ ಮಳಿಗೆ ನೆನದ ಎರೀ ಹೊಲದ್ದು ಬರಬೇಕಂತ.”

ಶಾಂತಯ್ಯನವರು ತಮ್ಮ ಎಡ ಅಂಗೈ ನೋಡಿಕೊಂಡರು.

“ನನಗೂ ಹಿಡದ ನೋಡ್ರಿ ಅಂದಿದ್ದ ಒಮ್ಮಿ,” ಎಂದರು. “ನಾ ಒಲ್ಲೆ ಅಂದೆ. ಅವಗ ನೋವಾಗಿತ್ತೇನು?”

“ಆಗಿತ್ರಿ,” ಎಂದಳು ಶೇವಂತೆವ್ವ, ಮೊರವನ್ನು ಮತ್ತೆ ತೊಡೆಗೆ ಎಳೆದುಕೊಳ್ಳುತ್ತ. “ಆದ್ರ ಸ್ವಾಮಾರು ಒಂದಿನ ಹಿಡೀತಾರ, ಹಿಡದ್ರ ನನಗಿಂತ ಛಲೋ ಹೇಳತಾರ ಅಂತಿದ್ದ.”

ಮರುದಿನ ಬೆಳಗ್ಗೆ ಶಾಂತಯ್ಯನವರು ಧೋತರ ಎತ್ತಿ ಕಟ್ಟಿ ಗುಂಡಿಗಳ ಬಳಿ ಬಂದರು. ಬಗ್ಗಿದಾಗ ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಗುಂಡಿಯ ಮೇಲೆ ತೂಗಾಡಿತು. ಅದನ್ನು ಬೆನ್ನಿಗೆ ಸರಿಸಿಕೊಂಡರು. ಫಕೀರವ್ವ ಬಳಿಯುವುದನ್ನು ನಿಲ್ಲಿಸಿ ನೋಡುತ್ತ ನಿಂತಳು.

ಮೊದಲ ಗುಂಡಿಯಿಂದ ಒಂದು ಹಿಡಿ ಎಡ ಅಂಗೈಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತೀಡಿದರು. ಹರಳು ಹರಳಾಗಿ ಸಿಕ್ಕಿತು, ಮೂಗಿಗೆ ಹುಳಿ ನಾತ. ಕಾಯಿ. ಎರಡನೆಯದು ಒಣಗಿ ಪುಡಿಯಾಗಿತ್ತು. ನಾಲ್ಕನೆಯ ಗುಂಡಿಯದು ಬೆಚ್ಚಗೆ ನುಣುಪಾಗಿ ಅಂಗೈಯಲ್ಲಿ ಕುಳಿತಿತು. ಕೈ ವಾಲಿಸಿದರೆ ತಾನಾಗಿ ಬಿಟ್ಟುಕೊಂಡು, ಅಂಗೈಯ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿಯಿತು. ಮೂಗಿಗೆ ಹಿಡಿದರು. ಆ ವಾಸನೆ ಅವರಿಗೆ ಗುರುತಿತ್ತು. ಮೂರು ವಾರದ ಹಿಂದೆ ಉಡಚಪ್ಪನ ಮೇಲೆ ಹಾಕಿದ ಹಿಡಿ ಮಣ್ಣಿನ ವಾಸನೆ ಅದು.

“ಆಗೇತಿ,” ಎಂದರು. ಧ್ವನಿ ತಮ್ಮದೇ ಎನಿಸಲಿಲ್ಲ.

ಮನೆಯಲ್ಲಿ ಬಾಳವ್ವ ಗಂಡನ ಕೈ ನೋಡಿ ಬಿಸಿ ನೀರು, ಸೀಗೆಕಾಯಿ ತಂದಳು. ತಿಕ್ಕಿದಷ್ಟೂ ಗೆರೆಗಳ ಕಪ್ಪು ಪೂರ್ತಿ ಹೋಗಲಿಲ್ಲ. “ಪೂಜಿ ಹೆಂಗ ಮಾಡತೀರಿ ಈ ಕೈಲೆ?” ಎಂದಳು. ಅವರಿಗೂ ಅದೇ ಅಳುಕಿತ್ತು. ಆದರೂ ಕುಳಿತು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಅದು ನಿನ್ನೆ ಎಷ್ಟು ತಣ್ಣಗಿತ್ತೋ ಇಂದೂ ಅಷ್ಟೇ ತಣ್ಣಗಿತ್ತು. ಬಾಳವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಹೋಗಿ ಹೂವಿನ ತಟ್ಟೆ ತಂದಿಟ್ಟಳು.

ಕಾಯಿ ರಾಡಿ ತೆಗೆಸಿ ನಾಲ್ಕನೆಯ ಗುಂಡಿಯದನ್ನು ಟಾಕಿಗೆ ತುಂಬಿಸಿದ ಆರನೆಯ ದಿನ ಒಂದು ಗುಳ್ಳೆ ಎದ್ದಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಹತ್ತನೆಯ ದಿನಕ್ಕೆ ಟಾಕಿಯ ತುಂಬ ಸಾಸಿವೆ ಚೆಲ್ಲಿದಂತೆ ಏಳತೊಡಗಿದವು. ಶಾಂತಯ್ಯನವರು ಪುಸ್ತಕದಲ್ಲಿ ಆವತ್ತಿನ ತಾರೀಖು ಹಾಕಿ, ಹಣ್ಣಾಗಿದೆ ಎಂದು ಬರೆದು, ಅದರ ಕೆಳಗೆ ಹೇಗೆ ಗುರುತಿಸಬೇಕು ಎಂಬುದನ್ನು ಒಂದು ಪುಟ ಬರೆದರು. ಗುರೆಳ್ಳ ಹಿಂಡಿಯನ್ನೂ ಬಿಡಲಿಲ್ಲ. ಕೊನೆಯಲ್ಲಿ, ‘ಇದು ಉಡಚಪ್ಪನು ಕಂಡುಕೊಂಡ ವಿಧಾನ’ ಎಂದು ಸೇರಿಸಿದರು.

ಮುಂಗಾರು ಚೆನ್ನಾಗಿ ಹಿಡಿಯಿತು. ಜುಲೈ ತಿಂಗಳಲ್ಲಿ ಖಾದರಬಾಷಾ ಓಣಿಯ ಬಾವಿಯ ಕಟ್ಟೆಯ ಮೇಲೇ ಪೆಟ್ಟಿಗೆ ಬಿಚ್ಚಿದರು. ಬಟ್ಟಲಿನಲ್ಲಿ ಬಣ್ಣ ಇದೆಯೋ ಇಲ್ಲವೋ ಎಂದು ಬಿಳಿಯ ಕಾಗದದ ಮೇಲಿಟ್ಟು ನೋಡಬೇಕಾಯಿತು. ವಾರ ಬಿಟ್ಟು ಮತ್ತೊಮ್ಮೆ, ಮತ್ತೂ ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿದರು. ಮೂರನೆಯ ಸಲ ಬಟ್ಟಲನ್ನು ಶೇವಂತೆವ್ವನ ಕಡೆಗೆ ಎತ್ತಿ ತೋರಿಸಿ, “ಕೂಸಿಗೆ ಧೈರ್ಯಲೆ ಕೊಡವಾ,” ಎಂದರು.

ಮಗಳನ್ನು ಬಾಣಂತನಕ್ಕೆ ಕರೆಯಲು ಬರಿಗೈಯಲ್ಲಿ ಹೋಗುವಂತಿಲ್ಲ. ಬಾಳವ್ವ ತಾನಾಗಿಯೇ ಗೋಧಿ-ಬೆಲ್ಲದ ಮಾದಲಿ ಮಾಡಿ ಗಂಟು ಕಟ್ಟಿಕೊಟ್ಟಳು. ಶಾಂತಯ್ಯನವರು ಮೊದಲ ಬಸ್ಸಿಗೆ ಕುಂದಗೋಳಕ್ಕೆ ಹೋದರು. ಸತ್ಯವ್ವ ಅವರನ್ನು ಬಾಗಿಲಲ್ಲಿ ಕಂಡು, ಅವರ ಕೈಯ ಗಂಟು ಕಂಡು, ಒಳಗೆ ಹೋಗಿ ಸೀರೆ ಮಡಿಚತೊಡಗಿದಳು.

ಶ್ರಾವಣದ ಎರಡನೆಯ ಸೋಮವಾರ ಹೆಣ್ಣು ಕೂಸು ಹುಟ್ಟಿತು. ಐದನೆಯ ದಿನ ಶಾಂತಯ್ಯನವರು ಹೋದಾಗ ಸತ್ಯವ್ವ ಒಳಗಿನಿಂದಲೇ ಕರೆದಳು. “ಕಾಕಾರ, ಒಳಗ ಬರ್ರಿ. ಕೂಸು ನೋಡ್ರಿ.” ಇಷ್ಟು ದಿನ ಸ್ವಾಮಾರ ಎನ್ನುತ್ತಿದ್ದವಳು. ಅವರು ತಲೆ ಬಗ್ಗಿಸಿ ಒಳಗೆ ಹೋದರು. ಶೇವಂತೆವ್ವ ಬಾವಿಯ ನೀರಿನಲ್ಲಿ ಬಜೆ ತೇಯ್ದು ಕೂಸಿನ ನಾಲಿಗೆಗೆ ಹಚ್ಚುತ್ತಿದ್ದಳು. ಅದು ಮುಖ ಕಿವಿಚಿ ಕೈ ಆಡಿಸಿತು. ಸತ್ಯವ್ವ ಆ ಪುಟ್ಟ ಮುಷ್ಟಿಗಳನ್ನು ಬಿಡಿಸಿ ತೋರಿಸಿದಳು. ಉಗುರುಗಳು ದಾಳಿಂಬೆಯ ಎಳೆ ಕಾಳಿನ ಹಾಗೆ ಕೆಂಪಗಿದ್ದವು. ಶಾಂತಯ್ಯನವರು ಹತ್ತನ್ನೂ ನೋಡಿದರು. ಮತ್ತೊಮ್ಮೆ ನೋಡಿದರು.

“ಶೇವಂತೆವ್ವಾ,” ಎಂದರು ಕೊನೆಗೆ, “ನನಗ ಒಂದು ಚರಿಗಿ ನೀರ ಕೊಡತೀಯೇನು? ಪೂಜಿಗೆ ಬೇಕು.”

ಅವಳು ತಕ್ಷಣ ಏಳಲಿಲ್ಲ. “ಈ ಬಾವೀದ್ರಿ?”

“ಈ ಬಾವೀದ.”

ಅವಳು ಚರಿಗೆಯನ್ನು ಬೂದಿ ಹಚ್ಚಿ ಬೆಳಗಿ, ಬಾವಿಗೆ ಕೊಡ ಬಿಟ್ಟು ಸೇದಿ, ತುಂಬಿ ತಂದಳು. ಅವರು ಎರಡೂ ಕೈ ಚಾಚಿ ಅವಳ ಕೈಯಿಂದಲೇ ತೆಗೆದುಕೊಂಡರು. ಮನೆ ತನಕ ಕಾಯಲಿಲ್ಲ. ಉಡಚಪ್ಪ ಕಡೆಯದಾಗಿ ಕುಳಿತ ಕಟ್ಟೆಯ ಮೇಲೆ ಕುಳಿತು, ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಗೆರೆಗಳಲ್ಲಿ ಕಪ್ಪು ಇನ್ನೂ ಇತ್ತು. ಎರಡು ತಿಂಗಳಿಗೊಮ್ಮೆ ಅದು ಹೊಸದಾಗುತ್ತಿತ್ತು. ಬಾವಿಯ ನೀರನ್ನು ಲಿಂಗದ ಮೇಲೆ ತೆಳ್ಳಗೆ ಹನಿಸಿದರು. ಅದು ಗೆರೆಗಳಲ್ಲಿ ಹರಿದು ಬೆರಳ ಸಂದಿಯಿಂದ ನೆಲಕ್ಕೆ ಇಳಿಯಿತು. ಇಷ್ಟು ತಿಂಗಳು ನಾಲಿಗೆಯ ತುದಿಯಲ್ಲಿ ನಿಂತಿದ್ದ ಹೆಸರು ಆಗ ತಾನಾಗಿ ಹೊರಗೆ ಬಂತು.

ಶಿವನೇ, ಉಡಚಪ್ಪ ನಿನ್ನ ಹೆಸರು ಬಿಟ್ಟು ಬೇರೆ ದಾರಿ ಹಿಡಿದವನು. ಬಿಡುವಂತೆ ಮಾಡಿದವರು ನಾವು, ಆ ನಾಲ್ಕು ಮಾರು ದೂರದ ಕಲ್ಲುಗಳನ್ನು ಸರಿಸದವರು. ಅವನನ್ನು ನಿನ್ನ ಬಳಿಗೆ ಕರೆದುಕೋ ಎಂದು ಕೇಳುವ ಬಾಯಿ ನನಗಿಲ್ಲ. ಅವನು ಹೋದ ಕಡೆ ನೆರಳು ಸರಿಯದಿರಲಿ. ಮೊಮ್ಮಗನ ನೀರು ಕುದಿಸಿದ ಆ ಕೈಗೆ ಇನ್ನು ವಿಶ್ರಾಂತಿ ಇರಲಿ. ಅವನು ನೀರಿಗೆ ಏನು ಮಾಡಿದನೋ ಅದನ್ನು ನೀನು ಅವನ ಜೀವಕ್ಕೆ ಮಾಡು ತಂದೆ. ಅದರೊಳಗೆ ಕರಗಿ ಕುಳಿತ ನೋವನ್ನೆಲ್ಲ ಬಿಡಿಸಿ, ಹಗುರ ಮಾಡಿ, ಮೇಲಕ್ಕೆ ಬಿಟ್ಟುಬಿಡು. ಅವನಿಗೆ ಶಾಂತಿ ಕೊಡು.